ಗಡಿಹೊಳೆಯ ಮೀನು: ತಾನಾ ನದಿಯ ವೃತ್ತಾಂತ

ನದಿಯು ನಾಡುಗಳನ್ನು ಅಗಲಿಸುವುದೋ ಕೂಡಿಸುವುದೋ ಎಂಬ ಪ್ರಶ್ನೆಯು ಬಲು ಹಳೆಯದು. ಭೂಪಟವನ್ನು ಮುಂದಿಟ್ಟುಕೊಂಡು ರಾಜ್ಯಭಾರವನ್ನು ನಡೆಯಿಸುವವರ ಕಣ್ಣಿಗೆ ನದಿಯೆಂದರೆ ಸೃಷ್ಟಿಯೇ ಎಳೆದುಕೊಟ್ಟ ಒಂದು ಗೆರೆ. ಅದರ ತೀರದಲ್ಲಿ ಹುಟ್ಟಿ, ಬೇಸಗೆಯಲ್ಲಿ ದೋಣಿಯನ್ನೇರಿಯೂ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಜಾರುಬಂಡಿಯನ್ನೇರಿಯೂ ಸಂಚರಿಸುವವರಿಗಾದರೋ ಅದು ಊರಿನ ನಡುಬೀದಿ. ಒಂದೇ ಬೀದಿಯ ಎಡಸಾಲಿನ ಮನೆಗಳಿಗೆ ಒಬ್ಬ ದೊರೆ, ಬಲಸಾಲಿನ ಮನೆಗಳಿಗೆ ಇನ್ನೊಬ್ಬ ದೊರೆ ಎಂದಾದರೆ ಆ ಬೀದಿಯ ಬಾಳು ಹೇಗೆ ನಡೆದೀತು? ಈ ಪ್ರಶ್ನೆಗೆ ಇನ್ನೂರ ಎಪ್ಪತ್ತಕ್ಕೂ ಮಿಕ್ಕ ವರ್ಷಗಳಿಂದ ಉತ್ತರವನ್ನು ಹುಡುಕುತ್ತಿರುವ ಒಂದು ಹೊಳೆಯು ಯೂರೋಪು ಖಂಡದ ಬಡಗಣ ತುದಿಯಲ್ಲಿರುವುದು. ನಾರ್ವೆಯವರು ಅದನ್ನು ತಾನಾ ಎನ್ನುವರು. ಫಿನ್ಲೆಂಡಿನವರು ತೆನೊ ಎನ್ನುವರು. ಇವರಿಬ್ಬರ ರಾಜ್ಯಗಳೂ ಅಲ್ಲಿಗೆ ಬರುವುದಕ್ಕೆ ಮೊದಲಿನಿಂದಲೂ ಆ ಕಣಿವೆಯಲ್ಲಿರುವ ಸಾಮಿ ಜನರು ಅದನ್ನು ದೆಯತ್ನು ಎಂದು ಕರೆಯುವರು. ಆ ಮಾತಿಗೆ ಮಹಾನದಿಯೆಂದು ಅರ್ಥ.

ಹೆಸರು ದೊಡ್ಡದಾದರೂ ಗಾತ್ರದಿಂದ ಇದು ಜಗತ್ತಿನ ಮಹಾನದಿಗಳ ಸಾಲಿನಲ್ಲಿ ನಿಲ್ಲತಕ್ಕುದಲ್ಲ. ಉಪನದಿಗಳ ಉಗಮದಿಂದ ಎಣಿಸಿದರೆ ಇದರ ಉದ್ದವು ಸುಮಾರು 360 ಕಿಲೋಮೀಟರು. ಇದರ ಜಲಾನಯನ ಪ್ರದೇಶವು 16,000 ಚದರ ಕಿಲೋಮೀಟರಿಗೆ ತುಸು ಮಿಗಿಲು. ಅದರಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ನೆಲವು ನಾರ್ವೆಗೂ ಉಳಿದುದು ಫಿನ್ಲೆಂಡಿಗೂ ಸೇರಿರುವುದು. ಅನಾರ್‌ಯೊಹ್ಕಾ, ಕಾರಾಶ್‌ಯೊಹ್ಕಾ ಎಂಬ ಎರಡು ಹೊಳೆಗಳು ಕೂಡಿದೆಡೆಯಿಂದ ಮುಂದಕ್ಕೆ ಇದಕ್ಕೆ ದೆಯತ್ನುವೆಂಬ ಹೆಸರು. ಅನಾರ್‌ಯೊಹ್ಕಾ ಹೊಳೆಯೂ ದೆಯತ್ನುವೂ ಸೇರಿ ಸುಮಾರು 250 ಕಿಲೋಮೀಟರುಗಳವರೆಗೆ ಉಭಯರಾಜ್ಯಗಳ ಗಡಿಯಾಗಿರುವುವು. ಎಡದಂಡೆಯು ನಾರ್ವೆ, ಬಲದಂಡೆಯು ಫಿನ್ಲೆಂಡು. ಪೋಲ್ಮಾಕ್ ಎಂಬ ಊರಿನ ಬಳಿಯಲ್ಲಿ ನದಿಯು ಗಡಿಯನ್ನು ಬಿಟ್ಟು ಸಂಪೂರ್ಣವಾಗಿ ನಾರ್ವೆಯನ್ನು ಪ್ರವೇಶಿಸಿ, ಮರಳುದಿಣ್ಣೆಗಳ ನಡುವೆ ಹರಿದು, ತಾನಾಫ್ಯೋರ್ಡ್ ಎಂಬ ಕೊಲ್ಲಿಯ ಮೂಲಕ ಬಾರೆಂಟ್ಸ್ ಸಮುದ್ರವನ್ನು ಸೇರುವುದು. ಮೇ ತಿಂಗಳ ನಡುವಿನಿಂದ ಜುಲೈ ತಿಂಗಳ ಕೊನೆಯವರೆಗೆ ಅಲ್ಲಿ ಸೂರ್ಯನು ಮುಳುಗುವುದೇ ಇಲ್ಲ. ನವೆಂಬರಿನ ಕೊನೆಯಿಂದ ಜನವರಿಯ ನಡುವಿನವರೆಗೆ ಮೂಡುವುದೇ ಇಲ್ಲ. ವರ್ಷದಲ್ಲಿ ಅರ್ಧಕ್ಕೂ ಹೆಚ್ಚು ಕಾಲ ನದಿಯು ಹಿಮಗಟ್ಟಿರುವುದು. ಬೇಸಾಯಕ್ಕೆ ಅನುಕೂಲವಿಲ್ಲದ ಈ ಸೀಮೆಯಲ್ಲಿ ಮನುಷ್ಯರು ನೆಲೆಯೂರಿ ನಿಂತುದಕ್ಕೆ ಮುಖ್ಯ ಕಾರಣವು ಒಂದು ಮೀನು. ಅದೇ ಅಟ್ಲಾಂಟಿಕ್ ಸಾಲ್ಮನ್.

ಈ ಮೀನಿನ ಜೀವಿತಕ್ರಮವು ವಿಚಿತ್ರವಾದುದು. ಶರತ್ಕಾಲದಲ್ಲಿ ಹೆಣ್ಣುಮೀನು ಹೊಳೆಯ ತಳದ ಗರಸುಗಲ್ಲಿನಲ್ಲಿ ಕುಳಿಮಾಡಿ ಮೊಟ್ಟೆಯನ್ನಿಟ್ಟು ಕಲ್ಲಿನಿಂದ ಮುಚ್ಚುವುದು. ಚಳಿಗಾಲವೆಲ್ಲ ಹಿಮದ ಹೊದಿಕೆಯ ಕೆಳಗಿದ್ದ ಆ ಮೊಟ್ಟೆಗಳು ವಸಂತದಲ್ಲಿ ಒಡೆದು ಮರಿಗಳಾಗುವುವು. ತಣ್ಣೀರಿನಲ್ಲಿ ಬೆಳವಣಿಗೆಯು ನಿಧಾನವಾದುದರಿಂದ ಮರಿಯು ಸಾಮಾನ್ಯವಾಗಿ ಮೂರರಿಂದ ಐದು ವರ್ಷಗಳನ್ನು ಹೊಳೆಯಲ್ಲಿಯೇ ಕಳೆಯುವುದು. ಅನಂತರ ಅದರ ಮೈಗೆ ಬೆಳ್ಳಿಯ ಬಣ್ಣವೇರುವುದು. ಸಿಹಿನೀರಿನ ಜೀವವು ಉಪ್ಪುನೀರಿಗೆ ಒಗ್ಗಿಕೊಳ್ಳುವುದು. ಪ್ರವಾಹದೊಡನೆ ಇಳಿದು ಸಮುದ್ರವನ್ನು ಸೇರುವುದು. ಅಲ್ಲಿ ಒಂದೆರಡು ವರ್ಷ, ಕೆಲವು ವೇಳೆ ಮೂರು ನಾಲ್ಕು ವರ್ಷ, ಉಂಡು ಕೊಬ್ಬಿ, ಮತ್ತೆ ತಾನು ಹುಟ್ಟಿದ ಹೊಳೆಯನ್ನೇ ಅರಸಿಕೊಂಡು ಬರುವುದು. ಸಮುದ್ರತೀರವನ್ನು ಸೇರಿದ ಮೇಲೆ ತವರುನೀರಿನ ವಾಸನೆಯೇ ಅದಕ್ಕೆ ದಾರಿಯನ್ನು ತೋರಿಸುವುದೆಂದು ವಿಜ್ಞಾನಿಗಳು ಕಂಡುಕೊಂಡಿರುವರು. ದೆಯತ್ನುವಿನ ಸಾಲ್ಮನ್ನುಗಳೆಲ್ಲ ಒಂದೇ ಕುಲದವಲ್ಲ. ಮುಖ್ಯನದಿಯ ಮೇಲ್ಭಾಗ ಕೆಳಭಾಗಗಳಿಗೂ ಒಂದೊಂದು ಉಪನದಿಗೂ ಬೇರೆ ಬೇರೆಯಾಗಿ ಸುಮಾರು ಮೂವತ್ತು ವಂಶಗಳಿರುವುವೆಂದು ಈಚಿನ ಪರೀಕ್ಷೆಗಳಿಂದ ತಿಳಿದುಬಂದಿರುವುದು. ಒಂದು ಉಪನದಿಯ ವಂಶವು ನಶಿಸಿದರೆ ಇನ್ನೊಂದು ಬಂದು ಆ ಸ್ಥಾನವನ್ನು ತುಂಬುವುದು ಸುಲಭವಲ್ಲ. ಈ ಸಂಗತಿಯು ಮುಂದಿನ ಇತಿಹಾಸವನ್ನು ಗ್ರಹಿಸುವುದಕ್ಕೆ ಅವಶ್ಯಕವಾದುದು.

ವಿಜ್ಞಾನಿಗಳಿಗಿಂತ ಮೊದಲೇ ಸಾಮಿ ಬೆಸ್ತರು ಮೀನುಗಳ ಭೇದವನ್ನು ಬಲ್ಲವರಾಗಿದ್ದರೆಂಬುದಕ್ಕೆ ಅವರ ಭಾಷೆಯೇ ಸಾಕ್ಷಿ. ಸಾಲ್ಮನ್ನಿಗೆ ಸಾಮಾನ್ಯವಾಗಿ ಲುವೊಸ್ಸ ಎಂದು ಹೆಸರು; ಒಂದೇ ಚಳಿಗಾಲವನ್ನು ಕಡಲಿನಲ್ಲಿ ಕಳೆದು ಬಂದ ಚಿಕ್ಕ ಮೀನು ದಿದ್ದಿ; ದೊಡ್ಡ ಹೆಣ್ಣು ದುವೊವ್ವಿ; ಕೊಕ್ಕೆದವಡೆಯ ದೊಡ್ಡ ಗಂಡು ಗೊವಾಜಿನ್. ಮೀನು ಹಿಡಿಯುವ ಕ್ರಮಗಳೂ ಹಲವು. ದಡದಿಂದ ಹೊಳೆಗೆ ಅಡ್ಡಲಾಗಿ ಮರದ ಕವಲುಗಳನ್ನು ನಿಲ್ಲಿಸಿ ಕಟ್ಟಿದ ಅಡ್ಡಗಟ್ಟೆಗೆ ಬುವೊದ್ದು ಎಂದು ಹೆಸರು. ಪ್ರವಾಹಕ್ಕೆದುರಾಗಿ ದಡದ ಬದಿಯಲ್ಲಿ ಏರಿಬರುವ ಮೀನು ಈ ಗಟ್ಟೆಗೆ ತಡೆದು, ಅದರ ಅಂಚನ್ನು ಹಿಡಿದು ಹೋಗಿ, ಕೊನೆಯಲ್ಲಿ ಕಟ್ಟಿದ ಬಲೆಯನ್ನು ಹೊಗುವುದು. ಹಿಮವೊಡೆದು ನೀರು ತುಂಬಿ ಹರಿಯುವ ಬೇಸಗೆಯ ಆರಂಭದಲ್ಲಿ ದೋಣಿಯೊಡನೆ ಬಲೆಯನ್ನು ತೇಲಬಿಡುವುದು ಮತ್ತೊಂದು ಕ್ರಮ. ಹಲವರು ಕೂಡಿ ಬೀಸಿ ಎಳೆಯುವ ದೊಡ್ಡ ಬಲೆಯು ಇನ್ನೊಂದು. ಯಾವ ಮಡುವಿನ ತಳದಲ್ಲಿ ಬಂಡೆಯಿದೆ, ಎಷ್ಟು ನೀರಿದ್ದಾಗ ಮೀನು ಯಾವ ಬದಿಯಲ್ಲಿ ಏರುವುದು, ಎಲ್ಲಿ ಬಲೆಯನ್ನು ಬಿಟ್ಟು ಎಲ್ಲಿ ಎತ್ತಬೇಕು ಎಂಬೀ ವಿದ್ಯೆಯು ಯಾವ ಗ್ರಂಥದಲ್ಲಿಯೂ ಬರೆದಿಟ್ಟುದಲ್ಲ. ಅಜ್ಜನ ದೋಣಿಯಲ್ಲಿ ಕುಳಿತು ಮೊಮ್ಮಗನು ಕಲಿತುದು. ಗುರುಮುಖದಿಂದ ಶಿಷ್ಯನಿಗೆ ಬರುವ ವಿದ್ಯೆಯಂತೆ ಇದೂ ಒಂದು ತಲೆಮಾರು ತಪ್ಪಿದರೆ ತಪ್ಪಿಹೋಗತಕ್ಕುದು.

ಪೂರ್ವದಲ್ಲಿ ಈ ಕಣಿವೆಯ ಸಾಮಿಗಳು ಸಿಯಿದಾ ಎಂಬ ಸಮುದಾಯಗಳಾಗಿ ವಾಸಿಸುತ್ತಿದ್ದರು. ಒಂದೊಂದು ಸಿಯಿದಾಕ್ಕೂ ತನ್ನ ನೆಲ, ತನ್ನ ನೀರು, ತನ್ನ ಬೇಟೆಯ ಕಾಡು ಎಂಬ ಎಲ್ಲೆಯಿದ್ದಿತು. ನದಿಯು ಆ ಎಲ್ಲೆಯ ನಡುವೆ ಹರಿಯುತ್ತಿದ್ದಿತೇ ಹೊರತು ಎಲ್ಲೆಯಾಗಿರಲಿಲ್ಲ. ಆದರೆ ಹೊರಗಣ ಅರಸರ ಕಣ್ಣು ಉತ್ತರದ ಚರ್ಮ, ಮೀನು ಮತ್ತು ಸಮುದ್ರತೀರಗಳ ಮೇಲೆ ಬಿದ್ದಿದ್ದಿತು. ಡೆನ್ಮಾರ್ಕ್-ನಾರ್ವೆಯ ದೊರೆ, ಸ್ವೀಡನ್ನಿನ ದೊರೆ, ರಷ್ಯದ ಚಕ್ರವರ್ತಿ ಈ ಮೂವರೂ ಒಂದೊಂದು ಕಾಲದಲ್ಲಿ ಈ ಸೀಮೆಗೆ ಕರವಸೂಲಿಗಾರರನ್ನು ಕಳುಹಿಸಿದರು. ಒಂದೇ ಕುಟುಂಬವು ಒಬ್ಬರಿಗಿಂತ ಹೆಚ್ಚು ಮಂದಿ ಅರಸರಿಗೆ ಕಪ್ಪವನ್ನು ಸಲ್ಲಿಸಿದುದೂ ಉಂಟು. ಭಾರವು ಹೆಚ್ಚಾದರೂ ಅದರಲ್ಲಿ ಒಂದು ಗುಣವಿದ್ದಿತು: ಮೂವರಿಗೂ ಕರವನ್ನು ಕೊಟ್ಟವರನ್ನು ಇಂಥವರದೇ ಪ್ರಜೆಗಳೆಂದು ಯಾರೂ ಕಟ್ಟಿಹಾಕಲಾರದೆ ಹೋದರು.

ಈ ಅನಿಶ್ಚಿತಸ್ಥಿತಿಯನ್ನು ಮುಗಿಸಬೇಕೆಂದು ಉಭಯರಾಜ್ಯಗಳೂ ಹದಿನೆಂಟನೆಯ ಶತಮಾನದಲ್ಲಿ ಯತ್ನಿಸಿದುವು. ಡೆನ್ಮಾರ್ಕ್-ನಾರ್ವೆಯ ಪರವಾಗಿ ಮೇಜರ್ ಪೀಟರ್ ಶ್ನಿಟ್ಲರ್ ಎಂಬ ಅಧಿಕಾರಿಯು 1742ರಿಂದ 1745ರವರೆಗೆ ಸೀಮೆಯಲ್ಲೆಲ್ಲ ಸಂಚರಿಸಿ, ಸಾಮಿಗಳನ್ನೂ ರೈತರನ್ನೂ ವಿಚಾರಿಸಿ, ಅವರ ಹೇಳಿಕೆಗಳನ್ನು ಬರೆದುಕೊಂಡನು. ಗಡಿಯನ್ನು ಗೊತ್ತುಮಾಡುವುದಕ್ಕಾಗಿ ಬರೆದ ಆ ಕಾಗದಗಳು ಇಂದು ಆ ಜನರ ಪೂರ್ವಜೀವನದ ಅಮೂಲ್ಯವಾದ ದಾಖಲೆಗಳಾಗಿರುವುವು. 1751ನೆಯ ಇಸವಿಯಲ್ಲಿ ಸ್ವೀಡನ್ನಿನ ಸ್ಟ್ರೋಮ್‌ಸ್ಟಾಡ್ ಎಂಬ ಊರಿನಲ್ಲಿ ಒಡಂಬಡಿಕೆಯಾಯಿತು. ಒಳನಾಡಿನ ಕೌತೊಕೇನೊ, ಕಾರಾಶೋಕ್ ಸೀಮೆಗಳು ಡೆನ್ಮಾರ್ಕ್-ನಾರ್ವೆಗೆ ಸೇರಿದುವು; ಉತ್ಸ್‌ಯೋಕಿಯು ಸ್ವೀಡನ್ನಿಗೆ ಉಳಿಯಿತು. ಫಿನ್ಲೆಂಡು ಆಗ ಸ್ವೀಡನ್ನಿನ ಭಾಗವಾಗಿದ್ದಿತು. ದೆಯತ್ನುವು ಅಂದಿನಿಂದ ಗಡಿಯಾಯಿತು. ಹೊಳೆಯ ಆಳವಾದ ಧಾರೆಯೇ ಗೆರೆ. ಮರಳಿನ ಪಾತ್ರದಲ್ಲಿ ಹರಿಯುವ ಹೊಳೆಯು ಧಾರೆಯನ್ನು ಬದಲಿಸುತ್ತಿರುವುದರಿಂದ ಉಭಯಸರಕಾರಗಳ ಅಧಿಕಾರಿಗಳು ಕಾಲಕಾಲಕ್ಕೆ ಕೂಡಿ ಗಡಿಯನ್ನು ಮತ್ತೆ ಪರೀಕ್ಷಿಸಬೇಕಾಗಿರುವುದು.

ಈ ಒಡಂಬಡಿಕೆಗೆ ಮೂವತ್ತು ಪ್ರಕರಣಗಳುಳ್ಳ ಒಂದು ಅನುಬಂಧವನ್ನು ಸೇರಿಸಿದರು. ಅದನ್ನು ಸಾಮಿಗಳ ಮಹಾಸನ್ನದು ಎಂದು ಹೇಳುವುದುಂಟು. ಸಾಮಿಯಾದವನು ಎರಡು ರಾಜ್ಯಗಳಲ್ಲಿ ಒಂದನ್ನು ಆರಿಸಿಕೊಂಡು ಅದರ ಪ್ರಜೆಯಾಗಿರತಕ್ಕುದು. ಕರವನ್ನು ಇಬ್ಬರಿಗೂ ಕೊಡಬೇಕಾದುದಿಲ್ಲ. ಆದರೆ ಅವರಿಗೆ ಎರಡು ರಾಜ್ಯಗಳ ನೆಲವೂ ಬೇಕಾಗಿರುವುದರಿಂದ, ಪೂರ್ವಪದ್ಧತಿಯಂತೆ ಶರತ್ಕಾಲದಲ್ಲಿಯೂ ವಸಂತಕಾಲದಲ್ಲಿಯೂ ಹಿಮಸಾರಂಗಗಳ ಮಂದೆಗಳೊಡನೆ ಗಡಿಯನ್ನು ದಾಟಿ, ಆ ಕಡೆಯ ನೆಲವನ್ನೂ ನೀರನ್ನೂ ಅನುಭವಿಸಬಹುದು. ರಾಜ್ಯರಾಜ್ಯಗಳಿಗೆ ಯುದ್ಧವೊದಗಿದರೂ ಈ ಸಂಚಾರವು ನಿಲ್ಲತಕ್ಕುದಲ್ಲ. ತಮ್ಮೊಳಗಿನ ಚಿಕ್ಕ ವ್ಯಾಜ್ಯಗಳನ್ನು ತಮ್ಮವರಿಂದಲೇ ತೀರಿಸಿಕೊಳ್ಳಬಹುದು. ಪ್ರಜೆಗಳ ಬಾಳು ಗಡಿಗಿಂತ ಹಳೆಯದೆಂಬುದನ್ನು ಇಬ್ಬರು ದೊರೆಗಳು ಕೂಡಿ ಬರೆದುಕೊಟ್ಟ ಇಂಥ ಪತ್ರಗಳು ಇತಿಹಾಸದಲ್ಲಿ ವಿರಳ. ಈ ಅನುಬಂಧವು ವಿಧಿಪೂರ್ವಕವಾಗಿ ಇಂದಿಗೂ ರದ್ದಾಗಿಲ್ಲವೆಂದು ಅನೇಕ ನ್ಯಾಯಶಾಸ್ತ್ರಜ್ಞರ ಅಭಿಪ್ರಾಯ.

ಆದರೆ ಪತ್ರವು ಉಳಿದರೂ ಅದಕ್ಕೆ ಮುದ್ರೆಯೊತ್ತಿದ ಅರಸರು ಉಳಿಯಲಿಲ್ಲ. 1809ರಲ್ಲಿ ಫಿನ್ಲೆಂಡು ಸ್ವೀಡನ್ನಿನ ಕೈತಪ್ಪಿ ರಷ್ಯದ ಚಕ್ರವರ್ತಿಗೆ ಸೇರಿತು. 1814ರಲ್ಲಿ ನಾರ್ವೆಯು ಡೆನ್ಮಾರ್ಕಿನಿಂದ ಬೇರೆಯಾಗಿ ಸ್ವೀಡನ್ನಿನ ದೊರೆಯ ಅಧೀನವಾಯಿತು. ಹೀಗೆ ಐದೇ ವರ್ಷಗಳಲ್ಲಿ ಹೊಳೆಯ ಎರಡು ದಂಡೆಗಳ ಒಡೆಯರೂ ಬದಲಾದರು. ಹೊಳೆಯೂ ಮೀನೂ ಬೆಸ್ತರೂ ಇದ್ದಂತೆಯೇ ಇದ್ದರು. 1819ರಿಂದ 1831ರವರೆಗೆ ಉತ್ಸ್‌ಯೋಕಿಯಲ್ಲಿ ಪಾದ್ರಿಯಾಗಿದ್ದ ಯಾಕೋಬ್ ಫೆಲ್ಮನ್ ಎಂಬುವನು ಆ ಕಾಲದ ಸಾಮಿಗಳ ಜೀವನವನ್ನೂ ಹಾಡುಗಳನ್ನೂ ವಿವರವಾಗಿ ಬರೆದಿಟ್ಟನು. ಅವನ ಬರಹವು ಅವನು ಕಾಲವಾದ ಮೂವತ್ತೊಂದು ವರ್ಷಗಳ ಮೇಲೆ, 1906ರಲ್ಲಿ, ನಾಲ್ಕು ಸಂಪುಟಗಳಾಗಿ ಪ್ರಕಟವಾಯಿತು.

ಮೊದಲ ದೊಡ್ಡ ಪೆಟ್ಟು 1852ರಲ್ಲಿ ಬಿದ್ದಿತು. ಉತ್ತರಸಮುದ್ರತೀರದ ಹಕ್ಕುಗಳನ್ನು ಕುರಿತು ರಷ್ಯಕ್ಕೂ ಸ್ವೀಡನ್-ನಾರ್ವೆಗೂ ನಡೆದ ಮಾತುಕತೆಯು ಮುರಿದುಬೀಳಲು, ರಷ್ಯದ ಸರಕಾರವು ನಾರ್ವೆ-ಫಿನ್ಲೆಂಡುಗಳ ಗಡಿಯನ್ನು ಹಿಮಸಾರಂಗಗಳ ಮಂದೆಗಳಿಗೆ ಮುಚ್ಚಿಬಿಟ್ಟಿತು. ಬೇಸಗೆಯಲ್ಲಿ ನಾರ್ವೆಯ ಕಡಲತೀರಕ್ಕೂ ಚಳಿಗಾಲದಲ್ಲಿ ಫಿನ್ಲೆಂಡಿನ ಪಾಚಿಗಾವಲಿಗೂ ಹೋಗಿ ಬರುತ್ತಿದ್ದ ಕುಟುಂಬಗಳ ವಾರ್ಷಿಕ ಪರ್ಯಟನವು ನಡುವಿನಲ್ಲಿ ತುಂಡಾಯಿತು. ಕೆಲವರು ಮನೆಮಠಗಳನ್ನು ಬಿಟ್ಟು ಸ್ವೀಡನ್ನಿಗೆ ವಲಸೆಹೋದರು. 1889ರಲ್ಲಿ ಆ ಕಡೆಯ ಗಡಿಯೂ ಮುಚ್ಚಿತು. ಯುದ್ಧಕಾಲದಲ್ಲಿಯೂ ನಿಲ್ಲಬಾರದೆಂದು ಬರೆದಿದ್ದ ಸಂಚಾರವು ಶಾಂತಿಕಾಲದಲ್ಲಿಯೇ ನಿಂತುಹೋಯಿತು. ನೆಲದ ದಾರಿಯು ಕಟ್ಟಿದ ಮೇಲೆ ಹೊಳೆಯೇ ಹೆಚ್ಚಿನ ಆಧಾರವಾಯಿತು. ಮೀನನ್ನು ಮಾತ್ರ ಯಾವ ಚಕ್ರವರ್ತಿಯೂ ಗಡಿಯಲ್ಲಿ ತಡೆಯಲಾರದೆ ಹೋದನು.

ಆದರೆ ಮೀನನ್ನು ಹಿಡಿಯುವವರನ್ನು ತಡೆಯಬಹುದಾಗಿದ್ದಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಾಳದ ಬೇಟೆಯನ್ನು ವಿನೋದವಾಗಿ ಆಡುವ ಆಂಗ್ಲ ಶ್ರೀಮಂತರು ಉತ್ತರ ನಾರ್ವೆಯ ಹೊಳೆಗಳಿಗೆ ಬರತೊಡಗಿದರು. ಸಾಲ್ಮನ್ ಎಂಬುದು ಆಹಾರ ಮಾತ್ರವಲ್ಲದೆ ಬೆಲೆಯುಳ್ಳ ವಸ್ತುವೂ ಆಯಿತು. 1873ರಲ್ಲಿ ಈ ಹೊಳೆಯ ಮೀನುಗಾರಿಕೆಯನ್ನು ಕುರಿತು ಉಭಯರಾಜ್ಯಗಳ ನಡುವೆ ಮೊದಲ ಒಪ್ಪಂದವಾಯಿತು. 1888ರಲ್ಲಿ ನಾರ್ವೆಯು ತಾನಾ ನದಿಗೆಂದೇ ಪ್ರತ್ಯೇಕವಾದ ಒಂದು ಕಾಯಿದೆಯನ್ನು ಮಾಡಿ, ಕಣಿವೆಯ ನಿವಾಸಿಗಳಿಗೆ ಮೀನು ಹಿಡಿಯುವ ಹಕ್ಕನ್ನು ಕಾದಿಟ್ಟಿತು. ಇತರ ಹೊಳೆಗಳಂತೆ ಇದು ಪರಸ್ಥಳದ ಧನಿಕರ ಗುತ್ತಿಗೆಯ ಪಾಲಾಗದಿದ್ದುದಕ್ಕೆ ಈ ಕಾಯಿದೆಯೂ ಒಂದು ಕಾರಣ. ಅದೇ ಕಾಯಿದೆಯ ಮುಂದಿನ ನಿಬಂಧನೆಗಳಲ್ಲಿ ಒಂದು ವಿಲಕ್ಷಣವಾದ ಷರತ್ತು ಸೇರಿಕೊಂಡಿತು. ಬಲೆಯಿಂದ ಮೀನು ಹಿಡಿಯಬೇಕೆಂಬ ಮನೆಯವನು ವರ್ಷಕ್ಕೆ 2,000 ಕಿಲೋಗ್ರಾಮಿಗೆ ಕಡಮೆಯಿಲ್ಲದೆ ಒಣಹುಲ್ಲನ್ನು ಬೆಳೆಯತಕ್ಕುದು! ಮೀನಿಗೂ ಹುಲ್ಲಿಗೂ ಏನು ಸಂಬಂಧವೆಂದರೆ, ಒಂದೆಡೆಯಲ್ಲಿ ನಿಂತು ದನಗಳನ್ನು ಸಾಕಿ ಬೇಸಾಯ ಮಾಡುವವರೇ ಒಳ್ಳೆಯ ಪ್ರಜೆಗಳೆಂಬುದು ಸರಕಾರದ ಭಾವನೆಯಾಗಿದ್ದಿತು. ಹೊಳೆಯ ಹಕ್ಕನ್ನು ಕೊಡುತ್ತ ಹೊಳೆಯವರ ಬಾಳಿನ ರೀತಿಯನ್ನು ಬದಲಿಸುವ ಉಪಾಯವಿದು. 1902ರ ಭೂಮಾರಾಟದ ಕಾಯಿದೆಯು ಇನ್ನೂ ಮುಂದಕ್ಕೆ ಹೋಯಿತು. ಫಿನ್ಮಾರ್ಕ್ ಪ್ರಾಂತದಲ್ಲಿ ಸರಕಾರದ ನೆಲವನ್ನು ಕೊಳ್ಳಬೇಕಾದವನು ನಾರ್ವೆಯ ಭಾಷೆಯನ್ನು ಮಾತನಾಡಲೂ ಓದಲೂ ಬರೆಯಲೂ ಬಲ್ಲವನಾಗಿರಬೇಕು ಎಂದಾಯಿತು. ಪಾಠಶಾಲೆಗಳಲ್ಲಿಯೂ ಸಾಮಿ ಭಾಷೆಗೆ ಸ್ಥಳವಿಲ್ಲದಂತಾಯಿತು. ಮೀನುಗಳ ಭೇದಕ್ಕೆ ಅಷ್ಟು ಹೆಸರುಗಳನ್ನಿಟ್ಟ ಭಾಷೆಯು ಮನೆಯೊಳಕ್ಕೂ ದೋಣಿಯೊಳಕ್ಕೂ ಸರಿಯಿತು.

ಇಪ್ಪತ್ತನೆಯ ಶತಮಾನದಲ್ಲಿ ದಂಡೆಗಳ ಒಡೆಯರು ಮತ್ತೊಮ್ಮೆ ಬದಲಾದರು. 1905ರಲ್ಲಿ ನಾರ್ವೆಯೂ 1917ರಲ್ಲಿ ಫಿನ್ಲೆಂಡೂ ಸ್ವತಂತ್ರವಾದುವು. 1928ರಲ್ಲಿ ಈ ಹೊಳೆಯಲ್ಲಿ ಗಾಳಕ್ಕೆ ಬಿದ್ದ ಒಂದು ಸಾಲ್ಮನ್ನು ಸುಮಾರು 36 ಕಿಲೋಗ್ರಾಮು ತೂಗಿತೆಂದು ದಾಖಲೆಯಿರುವುದು. ಗಾಳದಿಂದ ಹಿಡಿದ ಅಟ್ಲಾಂಟಿಕ್ ಸಾಲ್ಮನ್ನುಗಳಲ್ಲಿ ಅದಕ್ಕಿಂತ ದೊಡ್ಡದು ಜಗತ್ತಿನಲ್ಲಿಯೇ ಇಲ್ಲವೆಂದು ಗಣನೆ. 1938ರಲ್ಲಿ ಹೊಸ ಸರಕಾರಗಳು ಹೊಸ ಒಪ್ಪಂದವನ್ನು ಮಾಡಿಕೊಂಡುವು. ಅಷ್ಟರಲ್ಲಿ ಮಹಾಯುದ್ಧವು ಬಂದಿತು. 1944ರ ಶರತ್ಕಾಲದಲ್ಲಿ ಹಿಮ್ಮೆಟ್ಟಿದ ಜರ್ಮನ್ ಸೈನ್ಯವು ಫಿನ್ಮಾರ್ಕಿನಲ್ಲಿಯೂ ಫಿನ್ಲೆಂಡಿನ ಲ್ಯಾಪ್‌ಲೆಂಡಿನಲ್ಲಿಯೂ ಮನೆಗಳನ್ನು ಸುಟ್ಟು, ಸೇತುವೆಗಳನ್ನು ಕೆಡವಿ, ದೋಣಿಗಳನ್ನೂ ಬಿಡದೆ ನಾಶಮಾಡಿತು. ಉತ್ತರ ನಾರ್ವೆಯೊಂದರಿಂದಲೇ ಸುಮಾರು ಐವತ್ತು ಸಾವಿರ ಜನರನ್ನು ಬಲವಂತವಾಗಿ ಹೊರಡಿಸಿದರು. ಹಲವು ಸಾವಿರ ಮಂದಿ ಗುಹೆಗಳಲ್ಲಿಯೂ ಮಣ್ಣಿನ ಗುಡಿಸಲುಗಳಲ್ಲಿಯೂ ಅವಿತುಕೊಂಡು ಚಳಿಗಾಲವನ್ನು ಕಳೆದರು. ಹಿಂದಿರುಗಿ ಬಂದವರಿಗೆ ನಿಂತ ಮನೆಯಿರಲಿಲ್ಲ. ಆದರೆ ಮುಂದಿನ ಬೇಸಗೆಯಲ್ಲಿ ಮೀನು ಎಂದಿನಂತೆ ಹೊಳೆಯನ್ನು ಏರಿ ಬಂದಿತು. 1948ರಲ್ಲಿ ತಾನಾ ಸೇತುವೆಯು ಎದ್ದಿತು. 2020ರಲ್ಲಿ ಅದರ ಸ್ಥಾನಕ್ಕೆ ಹೊಸ ಸೇತುವೆಯು ಬಂದಿತು. ಉತ್ಸ್‌ಯೋಕಿಯಲ್ಲಿ ಎರಡು ದಂಡೆಗಳನ್ನು ಕೂಡಿಸುವ ಸಾಮಿ ಸೇತುವೆಯು 1993ರಲ್ಲಿ ತೆರೆಯಿತು.

ರಸ್ತೆಗಳು ಬಂದ ಮೇಲೆ ಗಾಳವನ್ನು ಹಿಡಿದ ಪ್ರವಾಸಿಗಳೂ ಬಂದರು. 1970ರ ದಶಕದ ಕೆಲವು ವರ್ಷಗಳಲ್ಲಿ ಹೊಳೆಯಿಂದ ಹಿಡಿದ ಸಾಲ್ಮನ್ನಿನ ಒಟ್ಟು ತೂಕವು 200 ಟನ್ನುಗಳನ್ನು ಮೀರಿದ್ದಿತು. ಹಿಡಿಯುವವರು ಹೆಚ್ಚಿದಂತೆಲ್ಲ ನಿಯಮಗಳೂ ಹೆಚ್ಚಿದುವು. ವಾರದಲ್ಲಿ ಇಂಥ ದಿನಗಳು ಮಾತ್ರ, ಇಂಥ ಅಳತೆಯ ಬಲೆ ಮಾತ್ರ, ಇಂಥ ತಿಂಗಳು ಮಾತ್ರ ಎಂದು 1953ರಲ್ಲಿ, 1960ರಲ್ಲಿ, 1972ರಲ್ಲಿ, 1979ರಲ್ಲಿ, 1989ರಲ್ಲಿ ಒಪ್ಪಂದಗಳ ಮೇಲೆ ಒಪ್ಪಂದಗಳಾದುವು. ಇವೆಲ್ಲಕ್ಕೂ ಒಂದೇ ಕಾರಣವಿದ್ದಿತು: ಒಂದು ದಂಡೆಯವರು ಬಿಟ್ಟ ಮೀನನ್ನು ಎದುರುದಂಡೆಯವರು ಹಿಡಿಯುವುದಾದರೆ ಯಾರೂ ಬಿಡಲೊಲ್ಲರು. ಹೊಳೆಯನ್ನು ಒಂದೇ ಎಂದು ಕಾಣದೆ ಮೀನನ್ನು ಕಾಪಾಡುವುದು ಅಸಾಧ್ಯವೆಂಬುದನ್ನು ಸರಕಾರಗಳೂ ಕೊನೆಗೆ ಕಲಿತುವು. ಹೊಳೆಯ ಜನರಾದರೋ ಅದನ್ನು ಎರಡೆಂದು ಎಂದೂ ಭಾವಿಸಿದವರಲ್ಲ.

ಇಷ್ಟಾದರೂ ಮೀನು ಕಡಮೆಯಾಗುತ್ತ ಬಂದಿತು. ಒಂದೊಂದು ಉಪನದಿಯಲ್ಲಿಯೂ ಸಂತತಿಯು ಉಳಿಯಬೇಕಾದರೆ ಎಷ್ಟು ಮೊಟ್ಟೆಗಳು ಬೇಕೆಂದು ವಿಜ್ಞಾನಿಗಳು ಲೆಕ್ಕಮಾಡಿ ನೋಡಲಾಗಿ, ಹಲವು ಕಡೆಗಳಲ್ಲಿ, ಮುಖ್ಯವಾಗಿ ಮೇಲಣ ಹೊಳೆಗಳಲ್ಲಿ, ಸಾಕಷ್ಟು ಮೀನು ತಲಪುತ್ತಿಲ್ಲವೆಂದು ಕಂಡುಬಂದಿತು. ಕೆಳಗಣ ಹೊಳೆಯಲ್ಲಿ ಒಂದೇ ಬಲೆಗೆ ಬೀಳುವ ಮೀನುಗಳಲ್ಲಿ ಬಲಿಷ್ಠವಾದ ವಂಶದವೂ ಕ್ಷೀಣವಾದ ವಂಶದವೂ ಬೆರೆತಿರುವುವು. ಬಲೆಗೆ ಅದರ ವಿವೇಚನೆಯಿಲ್ಲ. ಆದಕಾರಣ ಉಭಯಸರಕಾರಗಳೂ 2016ರಲ್ಲಿ ರುಜುಮಾಡಿ 2017ರಿಂದ ಜಾರಿಗೆ ತಂದ ಒಪ್ಪಂದದಲ್ಲಿ ಒಟ್ಟು ಮೀನುಗಾರಿಕೆಯನ್ನು ಸುಮಾರು ಮೂರರಲ್ಲಿ ಒಂದು ಪಾಲು ತಗ್ಗಿಸಬೇಕೆಂದು ಉದ್ದೇಶಿಸಿದುವು. ಬಲೆಯನ್ನು ಬೀಸುವ ಅವಧಿಯು ಬಹಳವಾಗಿ ಕುಗ್ಗಿತು. ತಮ್ಮೊಡನೆ ಸರಿಯಾಗಿ ಸಮಾಲೋಚಿಸದೆ ಇದನ್ನು ಗೊತ್ತುಮಾಡಿದರೆಂದು ಉಭಯದೇಶಗಳ ಸಾಮಿ ಪ್ರತಿನಿಧಿಸಭೆಗಳೂ ಆಕ್ಷೇಪಿಸಿದುವು. ಆ ಬೇಸಗೆಯಲ್ಲಿ 'ಎಲ್ಲೋಸ್ ದೆಯತ್ನು', ಎಂದರೆ ದೆಯತ್ನುವು ಬಾಳಲಿ, ಎಂಬ ಹೆಸರಿನಿಂದ ಕೆಲವರು ಹೊಳೆಯ ನಡುವಣ ಚೆಯರ್ರೆತ್‌ಸುವೊಲು ಎಂಬ ದ್ವೀಪದಲ್ಲಿ ಬೀಡುಬಿಟ್ಟರು. ಸರಕಾರವು ಮಾರುವ ಪರವಾನೆಯು ಈ ದ್ವೀಪದ ಸುತ್ತಣ ನೀರಿನಲ್ಲಿ ನಡೆಯದು, ಇಲ್ಲಿ ಗಾಳವನ್ನು ಹಾಕುವವರು ಸ್ಥಳೀಯ ಕುಟುಂಬಗಳ ಅನುಮತಿಯನ್ನು ಕೇಳತಕ್ಕುದು ಎಂದು ಸಾರಿದರು.

ಇನ್ನು ಕೆಲವರು ನ್ಯಾಯಸ್ಥಾನದ ದಾರಿಯನ್ನು ಹಿಡಿದರು. ದೆಯತ್ನುವಿನ ಉಪನದಿಯಾದ ವೆತ್ಸಿಯೋಕಿಯಲ್ಲಿ ಪರವಾನೆಯಿಲ್ಲದೆ ಮೀನು ಹಿಡಿದರೆಂದು ನಾಲ್ವರು ಸಾಮಿಗಳ ಮೇಲೆ ಆಪಾದನೆಯು ಬಂದಿತು. ತಮ್ಮ ತವರುಹೊಳೆಯಲ್ಲಿ ತಮ್ಮ ಪೂರ್ವಿಕರಂತೆ ಮೀನು ಹಿಡಿಯುವುದಕ್ಕೆ ಪರರಿಂದ ಪರವಾನೆಯೇಕೆ ಎಂಬುದು ಅವರ ವಾದ. 2019ರಲ್ಲಿ ಕೆಳಗಿನ ನ್ಯಾಯಾಲಯವು ಆಪಾದನೆಯನ್ನು ತಳ್ಳಿಹಾಕಿತು. 2022ರ ಏಪ್ರಿಲ್ ತಿಂಗಳಲ್ಲಿ ಫಿನ್ಲೆಂಡಿನ ಸರ್ವೋಚ್ಚ ನ್ಯಾಯಾಲಯವೂ ಅವರು ನಿರ್ದೋಷಿಗಳೆಂದು ತೀರ್ಪುಕೊಟ್ಟಿತು. ಮೂಲನಿವಾಸಿಗಳಾದ ಸಾಮಿಗಳು ತಮ್ಮ ಭಾಷೆಯನ್ನೂ ಸಂಸ್ಕೃತಿಯನ್ನೂ ಉಳಿಸಿ ಬೆಳೆಯಿಸಿಕೊಳ್ಳುವ ಹಕ್ಕುಳ್ಳವರೆಂದು ಫಿನ್ಲೆಂಡಿನ ರಾಜ್ಯಾಂಗವು ಹೇಳುವುದು. ಮೀನುಗಾರಿಕೆಯು ಆ ಸಂಸ್ಕೃತಿಯ ಅಂಗವೇ ಆಗಿರುವುದೆಂದು ನ್ಯಾಯಾಲಯವು ಒಪ್ಪಿತು.

ಆದರೆ ತೀರ್ಪು ಬರುವಷ್ಟರಲ್ಲಿ ಹೊಳೆಯ ಸ್ಥಿತಿಯು ಇನ್ನೂ ಕೆಟ್ಟಿದ್ದಿತು. ಸಮುದ್ರಕ್ಕೆ ಹೋದ ಮೀನು ಹಿಂದಿರುಗಿ ಬರುವುದೇ ಬಹಳ ಕಡಮೆಯಾಯಿತು. ನದಿಯಲ್ಲಿ ಮರಿಗಳಿಗೆ ಅಷ್ಟು ಕೇಡಿಲ್ಲದಿರುವುದರಿಂದ, ಕಡಲು ಬೆಚ್ಚಗಾಗುತ್ತ ಅಲ್ಲಿಯ ಆಹಾರವ್ಯವಸ್ಥೆಯು ಬದಲಾಗಿರುವುದೇ ಮುಖ್ಯಕಾರಣವಿರಬೇಕೆಂದು ಬಲ್ಲವರು ಶಂಕಿಸುವರು. 2021ನೆಯ ಇಸವಿಯಲ್ಲಿ ಉಭಯಸರಕಾರಗಳೂ ದೆಯತ್ನುವಿನಲ್ಲಿ ಸಾಲ್ಮನ್ ಹಿಡಿಯುವುದನ್ನು ಸಂಪೂರ್ಣವಾಗಿ ನಿಷೇಧಿಸಿದುವು. ಆ ನಿಷೇಧವು ಮುಂದಿನ ವರ್ಷಗಳಲ್ಲಿಯೂ ಮುಂದುವರಿಯಿತು. ಹೀಗೆ ಬುವೊದ್ದುಗಳು ಕಟ್ಟಲ್ಪಡದೆ, ದೋಣಿಗಳು ದಡದಲ್ಲಿ ಮಗುಚಿಬಿದ್ದು, ಬೇಸಗೆಗಳು ಒಂದರ ಮೇಲೊಂದು ಕಳೆದುವು. ಅದೇ ಕಾಲದಲ್ಲಿ ಮತ್ತೊಂದು ಜಾತಿಯ ಮೀನು ಕರೆಯದೆ ಬಂದ ಅತಿಥಿಯಂತೆ ಹೊಳೆಯನ್ನು ತುಂಬಿತು. ಪೆಸಿಫಿಕ್ ಸಮುದ್ರದ ಗೂನುಬೆನ್ನಿನ ಸಾಲ್ಮನ್ನನ್ನು ಸೋವಿಯೆತ್ ರಷ್ಯದವರು 1950ರ ದಶಕದ ಕೊನೆಯಿಂದ ಶ್ವೇತಸಮುದ್ರದ ಕಡೆಯ ಹೊಳೆಗಳಲ್ಲಿ ಬಿಟ್ಟು ಸಾಕಲೆತ್ನಿಸಿದ್ದರು. ಎರಡೇ ವರ್ಷದ ಆಯುಸ್ಸಿನ ಆ ಮೀನು 2017ರಿಂದ ವಿಷಮಸಂಖ್ಯೆಯ ವರ್ಷಗಳಲ್ಲಿ ನಾರ್ವೆಯ ಹೊಳೆಗಳಿಗೆ ದಂಡುದಂಡಾಗಿ ಬರತೊಡಗಿತು. ಮೊಟ್ಟೆಯನ್ನಿಟ್ಟೊಡನೆ ಅದು ಸತ್ತು ಹೊಳೆಯಲ್ಲಿಯೇ ಕೊಳೆಯುವುದು. 2023ರಲ್ಲಿ ಅದನ್ನು ತಡೆಯುವುದಕ್ಕಾಗಿ ನಾರ್ವೆಯವರು ಕೆಳಹೊಳೆಯಲ್ಲಿ ಅಡ್ಡಬೇಲಿಯನ್ನು ಹಾಕಿದರು. ಗಡಿಯನ್ನು ಲೆಕ್ಕಿಸದಿರುವ ಗುಣವು ತವರಿನ ಮೀನಿನಲ್ಲಿರುವಂತೆ ಪರದೇಶದ ಮೀನಿನಲ್ಲಿಯೂ ಉಂಟು.

ರಾಜ್ಯಕ್ಕೂ ಮೀನಿಗೂ ಭಾರತದ ಶಾಸ್ತ್ರಕಾರರು ಒಂದು ಹಳೆಯ ಸಂಬಂಧವನ್ನು ಹೇಳಿರುವರು. ದಂಡವಿಲ್ಲದ ಕಡೆಯಲ್ಲಿ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮತ್ಸ್ಯನ್ಯಾಯವು ನಡೆಯುವುದೆಂದೂ, ಅದರಿಂದ ಪೀಡಿತರಾದ ಜನರು ವೈವಸ್ವತ ಮನುವನ್ನು ಅರಸನನ್ನಾಗಿ ಮಾಡಿಕೊಂಡು, ಯೋಗಕ್ಷೇಮಕ್ಕೆ ಪ್ರತಿಯಾಗಿ ಧಾನ್ಯದ ಆರನೆಯ ಒಂದು ಪಾಲನ್ನು ಕೊಡಲೊಪ್ಪಿದರೆಂದೂ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬರುವುದು. ಅದೇ ಗ್ರಂಥವು ಏರಿಕಟ್ಟೆಗಳ ನೀರಿನಲ್ಲಿಯ ಮೀನಿಗೆ ಅರಸನು ಒಡೆಯನೆಂದೂ ಹೇಳುವುದು. ಕೆರೆಯನ್ನು ಕಟ್ಟಿಸಿದವನು ಕೆರೆಯ ಮೀನಿಗೆ ಒಡೆಯನೆಂಬುದು ಯುಕ್ತವೇ. ಆದರೆ ದೆಯತ್ನುವನ್ನು ಕಟ್ಟಿಸಿದ ಅರಸನು ಯಾರು? ಅದರ ಜನರು ಮೂವರು ದೊರೆಗಳಿಗೆ ಕಪ್ಪವನ್ನು ಕೊಟ್ಟರು. ಆ ಬೆಲೆಗೆ ತಕ್ಕ ಯೋಗಕ್ಷೇಮವು ಅವರಿಗೆ ದೊರೆತುದು ಅಪರೂಪ. ಇತ್ತ ಹೊಳೆಯಲ್ಲಿ ಮೀನೇ ಇಲ್ಲದಿರುವಾಗ ಹಕ್ಕೊಂದನ್ನೇ ಎತ್ತಿಹಿಡಿದರೆ ಫಲವೇನೆಂಬ ಸರಕಾರದ ಮಾತನ್ನೂ ತಳ್ಳಿಹಾಕುವಂತಿಲ್ಲ. ಮೊಟ್ಟೆಯಿಡುವ ಮೀನು ಮೇಲಣ ಹೊಳೆಯನ್ನು ತಲಪಿದರೆ ಮಾತ್ರವೇ ಮೊಮ್ಮಕ್ಕಳಿಗೆ ಹೊಳೆಯಲ್ಲಿ ಏನಾದರೂ ಉಳಿದೀತು.

ಆದರೂ ವಿಜ್ಞಾನಿಗಳ ಲೆಕ್ಕಕ್ಕೆ ಸಿಕ್ಕದ ಒಂದು ನಷ್ಟವು ಇಲ್ಲಿ ಉಂಟು. ಸಾಲ್ಮನ್ನಿನ ಒಂದು ತಲೆಮಾರು ಹುಟ್ಟಿ, ಕಡಲಿಗೆ ಹೋಗಿ, ಮರಳಿ ಬರುವುದಕ್ಕೆ ಆರೇಳು ವರ್ಷಗಳು ಸಾಕು. ಬಲೆಯ ವಿದ್ಯೆಯನ್ನು ಕಲಿಯುವ ಮಗುವಿಗೂ ಹೆಚ್ಚುಕಡಮೆ ಅಷ್ಟೇ ವರ್ಷಗಳು ಬೇಕು; ಅದನ್ನು ಕಲಿಸುವ ಅಜ್ಜನಿಗೆ ಅಷ್ಟು ವರ್ಷಗಳು ಉಳಿದಿರುವುವೆಂಬ ಭರವಸೆಯಿಲ್ಲ. ಮೀನು ಮರಳಿ ಬಂದ ಬೇಸಗೆಯಲ್ಲಿ ಬುವೊದ್ದುವನ್ನು ಕಟ್ಟಲು ಬಲ್ಲವರು ದಡದಲ್ಲಿರದಿದ್ದರೆ, ಹೊಳೆಯು ಉಳಿದೂ ದೆಯತ್ನುವು ಉಳಿದಂತಾಗದು. ನಿಷೇಧದ ನಡುವೆಯೂ ಕಲಿಸುವಿಕೆಗೆಂದು ಒಂದೆರಡು ಬಲೆಗಳಿಗೆ ಎಡೆಯಿರಬೇಕೆಂದು ಸಾಮಿಗಳು ಕೇಳುತ್ತಿರುವುದರ ಮರ್ಮವು ಇದೇ. 1751ರಲ್ಲಿ ಗಡಿಯನ್ನು ಎಳೆದವರು, ಎಳೆಯುವಾಗಲೇ, ಗಡಿಗಿಂತ ಹಳೆಯದಾದ ಬಾಳಿಗೆ ಮೂವತ್ತು ಪ್ರಕರಣಗಳ ಎಡೆಯನ್ನು ಬಿಟ್ಟಿದ್ದರು. ಮೀನನ್ನು ಕಾಯಲು ಇಂದು ಗೆರೆಗಳನ್ನು ಎಳೆಯುವವರು ಅಷ್ಟು ಎಡೆಯನ್ನಾದರೂ ಬಿಟ್ಟಾರೆಯೇ ಎಂಬುದನ್ನು ದೆಯತ್ನುವಿನ ಎರಡು ದಂಡೆಗಳೂ ಕಾದು ನೋಡುತ್ತಿರುವುವು.